ಅಕ್ಕನ ಕೋಣೆಯ ರುಬಿಡಿಯಂ ಗಡಿಯಾರ

ಪೆಟ್ಟಿಗೆ ಮನೆಗೆ ಬಂದ ದಿನ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಇದು ಟೈಮ್ ತೋರಿಸುತ್ತಾ?"

"ಇಲ್ಲ ಅಕ್ಕ. ಇದಕ್ಕೆ ಮುಳ್ಳೂ ಇಲ್ಲ, ಅಂಕಿನೂ ಇಲ್ಲ."

"ಮತ್ತೆ ಗಡಿಯಾರ ಅಂದೆ?"

"ಬೇರೆ ಗಡಿಯಾರಗಳಿಗೆ ಬುದ್ಧಿ ಹೇಳೋ ಗಡಿಯಾರ ಇದು."

"ಮನೇಲಿ ಬುದ್ಧಿ ಹೇಳಕ್ಕೆ ನಾನಿದ್ದೀನಲ್ಲ, ಸಾಲದಾ?" ಎಂದು ಅವರು ಒಳಗೆ ಹೋದರು.

ತಮ್ಮನನ್ನು ಕಟ್ಟಡದವರೆಲ್ಲ ಕರೆಯುವುದು ಲಿಫ್ಟಣ್ಣ ಎಂದು. ವಯಸ್ಸು ಅರವತ್ತರ ಆಚೆ. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವರು. ಕಂಪನಿಯ ಕೆಲಸ ಬಿಟ್ಟಿದ್ದರೂ ಎಲ್ಲಾದರೂ ಲಿಫ್ಟಿನ ಬಾಗಿಲು ಮುನಿಸಿಕೊಂಡರೆ ಈಗಲೂ ಅವರಿಗೇ ಫೋನ್ ಬರುತ್ತದೆ. ಮದುವೆ ಮಾಡಿಕೊಳ್ಳಲಿಲ್ಲ. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದರು. ಕಟ್ಟಡಕ್ಕೆ ಅವರು ಸಿಸ್ಟರಮ್ಮ. ಇಬ್ಬರೂ ಇರುವುದು ಒಂದು ಹಳೆಯ ಮೂರಂತಸ್ತಿನ ಕಟ್ಟಡದ ನೆಲಮಹಡಿಯಲ್ಲಿ. ಒಂದು ಹಾಲ್, ಎರಡು ಕೋಣೆ, ಉದ್ದನೆಯ ಅಡುಗೆಮನೆ. ಈ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅದನ್ನು ಹೇಳಿ ನಗುವವರು ಬಹಳ. ಲಿಫ್ಟಣ್ಣ ಮಾತ್ರ, "ಡಾಕ್ಟರು ಆಸ್ಪತ್ರೇಲೇ ಮಲಗ್ತಾರಾ?" ಎಂದು ಕೇಳುತ್ತಾರೆ.

ಪೆಟ್ಟಿಗೆ ತಂದದ್ದು ಮೊಬೈಲ್ ಟವರುಗಳ ಹಳೆಯ ಸಾಮಾನು ಮಾರುವ ಗುಜರಿಯಿಂದ. ದಪ್ಪ ಪುಸ್ತಕದಷ್ಟು ಗಾತ್ರ, ಸುತ್ತಲೂ ಮುಚ್ಚಿದ ಲೋಹ, ಒಂದು ಕಡೆ ಕೆಲವು ಪಿನ್ನುಗಳು. ಒಳಗೆ ಹೆಬ್ಬೆರಳಿನ ತುದಿಯಷ್ಟು ಗಾಜಿನ ಬುರುಡೆ, ಅದರಲ್ಲಿ ರುಬಿಡಿಯಂ ಎಂಬ ಲೋಹದ ಆವಿ. ಆ ಪರಮಾಣುಗಳು ಒಂದು ನಿರ್ದಿಷ್ಟ ಕಂಪನಕ್ಕೆ ಮಾತ್ರ ಓಗೊಡುತ್ತವೆ, ಸ್ವಲ್ಪ ಆಚೀಚೆಯಾದರೂ ಕಿವುಡು. ಪೆಟ್ಟಿಗೆಯೊಳಗೆ ಒಂದು ಸ್ಫಟಿಕದ ಚೂರೂ ಇದೆ, ಕೈಗಡಿಯಾರದಲ್ಲಿ ಇರುವಂಥದ್ದೇ. ಬಿಟ್ಟರೆ ಅದು ಚಳಿಗೊಂದು ಸೆಕೆಗೊಂದು ತಾಳ ಹಾಕುತ್ತದೆ. ಇಲ್ಲಿ ಅದನ್ನು ಪರಮಾಣುಗಳಿಗೆ ಕಟ್ಟಿಹಾಕಿದ್ದಾರೆ, ಗೂಟಕ್ಕೆ ಕರುವನ್ನು ಕಟ್ಟಿದ ಹಾಗೆ. ಮೇಯಲು ಹೊರಟರೆ ಹಗ್ಗ ಎಳೆಯುತ್ತದೆ.

ಇಂಥದ್ದೊಂದು ಲಿಫ್ಟ್ ಮೆಕ್ಯಾನಿಕ್ಕಿಗೆ ಯಾಕೆ ಬೇಕಾಯಿತು ಎಂಬುದಕ್ಕೆ ಕಾರಣ ಚಂದ್ರ.

ಊರಿನಲ್ಲಿ ಹವ್ಯಾಸಿಗಳ ಸಂಘವೊಂದಿದೆ. ರೇಡಿಯೊ ಕಟ್ಟುವವರು, ದೂರದರ್ಶಕದ ಗಾಜು ಉಜ್ಜುವವರು, ಹಳೆಯ ಗಡಿಯಾರ ಬಿಚ್ಚಿ ಮತ್ತೆ ಜೋಡಿಸುವವರು ಭಾನುವಾರಗಳಲ್ಲಿ ಸೇರುತ್ತಾರೆ. ಅಲ್ಲಿ ಒಬ್ಬರು ಮಾತಿನ ನಡುವೆ ಹೇಳಿದರು: ಚಂದ್ರ ಎಳೆಯುವುದು ಸಮುದ್ರವನ್ನು ಮಾತ್ರವಲ್ಲ, ಅವನು ನೆತ್ತಿಗೆ ಬಂದಾಗ ನೆಲದ ಮೇಲಿನ ಪ್ರತಿಯೊಂದು ವಸ್ತುವಿನ ತೂಕವೂ ಒಂದು ಕೋಟಿಯಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಲಿಫ್ಟಣ್ಣನಿಗೆ ಈ ಮಾತು ಹಿಡಿದುಬಿಟ್ಟಿತು. ಅವರ ಆಯುಷ್ಯವೆಲ್ಲ ಕಳೆದದ್ದು ಲಿಫ್ಟು ಓಡಾಡುವ ಬಾವಿಯಂಥ ಕತ್ತಲ ಕಂಡಿಗಳಲ್ಲಿ, ತೂಕ ಎತ್ತುವ ಇಳಿಸುವ ಲೆಕ್ಕದಲ್ಲಿ.

"ಅಷ್ಟು ವರ್ಷ ನಾನೊಬ್ಬನೇ ಎತ್ತುತ್ತಿದ್ದೀನಿ ಅಂದ್ಕೊಂಡಿದ್ದೆ," ಎಂದು ಅವರು ಅಕ್ಕನಿಗೆ ಹೇಳಿದರು. "ಇವನು ದಿನಾ ಮೇಲಿಂದ ಒಂದು ಕೈ ಹಾಕ್ತಿದ್ದ, ಹೇಳದೆ ಕೇಳದೆ."

"ಸಂಬಳದಲ್ಲಿ ಪಾಲು ಕೇಳಲಿಲ್ಲವಲ್ಲ, ಪುಣ್ಯಾತ್ಮ," ಎಂದರು ಅಕ್ಕ.

ಆ ಕೈಯನ್ನು ಕಾಣಬೇಕು ಎಂಬುದೇ ಅಂದಿನಿಂದ ಅವರ ಹಟ. ದಾರಿಯನ್ನು ಸಂಘದವರೇ ಹೇಳಿಕೊಟ್ಟರು. ಲೋಲಕದ ತೂಗಾಟ ನಡೆಯುವುದು ಭೂಮಿಯ ಸೆಳೆತದಿಂದ. ಸೆಳೆತ ಕೂದಲೆಳೆಯಷ್ಟು ಸಡಿಲವಾದರೆ ಲೋಲಕ ಅಷ್ಟೇ ನಿಧಾನವಾಗುತ್ತದೆ. ಆ ನಿಧಾನವನ್ನು ಅಳೆದರೆ ಚಂದ್ರನನ್ನು ಅಳೆದಂತೆ. ಆದರೆ ಅಳೆಯುವ ಗಡಿಯಾರವೇ ದಾರಿ ತಪ್ಪುತ್ತಿದ್ದರೆ ತಪ್ಪು ಯಾರದೆಂದು ಹೇಳುವುದು ಹೇಗೆ? ಅದಕ್ಕೆ ಬೇಕಾದದ್ದು ರುಬಿಡಿಯಂ.

ಮೊದಲ ಸಲ ಅದಕ್ಕೆ ಕರೆಂಟು ಕೊಟ್ಟಾಗ ಬರಿಯ ಮೇಜಿನ ಮೇಲಿಟ್ಟಿದ್ದರು. ಕೆಲವೇ ನಿಮಿಷಗಳಲ್ಲಿ ತಳ ಮುಟ್ಟಲಾರದಷ್ಟು ಕಾದಿತು. ಪರಮಾಣುಗಳಿಗೆ ಬೆಳಕು ಕೊಡುವ ಒಳಗಿನ ಪುಟ್ಟ ದೀಪಕ್ಕೂ ಗಾಜಿನ ಬುರುಡೆಗೂ ಬಿಸಿ ಬೇಕು, ಆ ಬಿಸಿ ಹೊರಗೆ ಹರಿದುಹೋಗಲು ದಾರಿಯೂ ಬೇಕು. ಸಂಘದಲ್ಲಿ ಇದನ್ನೆಲ್ಲ ಬಲ್ಲವರು ಒಂದು ಮುದ್ರಣಾಲಯದ ಮಾಲೀಕರು, ಎಲ್ಲರ ಬಾಯಲ್ಲಿ ಪ್ರೆಸ್ಸಿನವರು. ಅವರು ಫೋನಿನಲ್ಲೇ ಗದರಿದರು. "ಬರಿಗಾಲಲ್ಲಿ ಕಾದ ಹೆಂಚಿನ ಮೇಲೆ ನಿಲ್ಲಿಸಿದ್ದೀರಲ್ರೀ ಅದನ್ನ! ಕೆಳಗೆ ದಪ್ಪ ಅಲ್ಯೂಮಿನಿಯಂ ಕೊಡಿ."

ದಪ್ಪ ಅಲ್ಯೂಮಿನಿಯಂ ಲಿಫ್ಟಣ್ಣನ ಬಳಿ ಇತ್ತು. ಬಿಚ್ಚಿಟ್ಟ ಲಿಫ್ಟ್ ಪ್ಯಾನೆಲ್ಲಿನ ರೆಕ್ಕೆರೆಕ್ಕೆಯ ತಟ್ಟೆ. ಪೆಟ್ಟಿಗೆಯನ್ನು ಅದಕ್ಕೆ ಬಿಗಿದರು. ಬೇಕಾದ ಇಪ್ಪತ್ತನಾಲ್ಕು ವೋಲ್ಟು ಅವರಿಗೆ ಹೊಸದಲ್ಲ, ಲಿಫ್ಟಿನ ಗುಂಡಿಗಳೆಲ್ಲ ಅದರಲ್ಲೇ ಉರಿಯುತ್ತವೆ. ಮೊದಲು ಹಾಕಿದ ಅಗ್ಗದ ಪವರ್ ಸಪ್ಲೈ ಕರೆಂಟಿನಲ್ಲಿ ಗದ್ದಲ ಮಾಡಿತೆಂದು ಭಾರದ ಟ್ರಾನ್ಸ್‌ಫಾರ್ಮರ್ ಇರುವ ಹಳೆಯದನ್ನು ಹುಡುಕಿ ತಂದರು. ಸ್ಫಟಿಕ ಗೂಟಕ್ಕೆ ಸಿಕ್ಕಿತೋ ಇಲ್ಲವೋ ಎಂದು ತಿಳಿಸಲು ಒಂದು ಪಿನ್ ಇದೆ. ಅದಕ್ಕೊಂದು ಲಿಫ್ಟಿನ ಗುಂಡಿಯನ್ನು ಜೋಡಿಸಿದರು. ಸ್ವಿಚ್ ಹಾಕಿ ಟೀ ಕುಡಿದು ಮುಗಿಸುವಷ್ಟರಲ್ಲಿ ಗುಂಡಿಯ ಮೇಲಿನ ಮೇಲ್ಮುಖ ಬಾಣ ಹಸಿರಾಗಿ ಉರಿಯುತ್ತದೆ. ಸಿಕ್ಕಿತು ಎಂದರ್ಥ.

ಪೆಟ್ಟಿಗೆ ಸೆಕೆಂಡಿಗೆ ಒಂದು ಕೋಟಿ ಸಲ ಮಿಡಿಯುತ್ತದೆ. ಅದು ನಿಜವೇ ಎಂದು ನೋಡಲು ಲಿಫ್ಟಣ್ಣ ಎಣಿಸುವ ಯಂತ್ರವೊಂದನ್ನು ತಂದು ಜೋಡಿಸಿದರು. ಪರದೆಯ ಮೇಲೆ ಒಂದು, ಅದರ ಹಿಂದೆ ಸಾಲಾಗಿ ಸೊನ್ನೆಗಳು. ಒಂದು ಅಂಕಿಯೂ ಅಲುಗಲಿಲ್ಲ. ಸಂಜೆಯವರೆಗೆ ನೋಡಿದರು, ಅಲುಗಲಿಲ್ಲ. ಪ್ರೆಸ್ಸಿನವರನ್ನು ಕರೆಸಿ ತೋರಿಸಿದರು. ಅವರು ಯಂತ್ರದ ಹಿಂದೆ ಬಗ್ಗಿ ತಂತಿಗಳನ್ನು ನೋಡಿ ನಗತೊಡಗಿದರು.

"ಲಿಫ್ಟಣ್ಣಾ, ಎಣಿಸೋ ಯಂತ್ರಕ್ಕೆ ತಾಳ ಕೊಡ್ತಿರೋದು ಯಾರು?"

"ರುಬಿಡಿಯಂ."

"ಅದು ಎಣಿಸ್ತಿರೋದು ಯಾರನ್ನ?"

ಲಿಫ್ಟಣ್ಣ ಬಗ್ಗಿ ತಂತಿಯ ಜಾಡು ಹಿಡಿದು ಬೆರಳು ಓಡಿಸಿದರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಹೇಳಿದರು: "ತನ್ನ ಪೇಪರು ತಾನೇ ತಿದ್ದಿಕೊಂಡು ನೂರಕ್ಕೆ ನೂರು ಹಾಕ್ಕೊಂಡಿದೆ, ಅಷ್ಟೇ ತಾನೇ?"

ಆಮೇಲೆ ಕಿಟಕಿಯ ಹೊರಗೆ ಉಪಗ್ರಹದ ಆಂಟೆನಾ ಬಂತು. ಉಪಗ್ರಹದಿಂದ ಬರುವ ಸೆಕೆಂಡು ಒಂದೊಂದೂ ತುಸು ತಡವರಿಸುತ್ತದೆ, ಆದರೆ ವಾರಗಟ್ಟಲೆ ನೋಡಿದರೆ ಹಾದಿ ಬಿಡುವುದಿಲ್ಲ. ರುಬಿಡಿಯಂ ಹೆಜ್ಜೆ ಹೆಜ್ಜೆಗೂ ನಯ, ಆದರೆ ತಿಂಗಳುಗಳಲ್ಲಿ ಮೆಲ್ಲಗೆ ಜಾರುತ್ತದೆ. ಎರಡನ್ನೂ ಎದುರುಬದುರು ಕೂರಿಸಿ, ಪೆಟ್ಟಿಗೆಯ ಪುಟ್ಟ ತಿರುಪನ್ನು ಉಸಿರು ಬಿಗಿಹಿಡಿದು ತಿರುಗಿಸಿ, ಮತ್ತೆ ದಿನಗಟ್ಟಲೆ ಕಾದು, ಅಂತೂ ಅದನ್ನು ದಾರಿಗೆ ತಂದರು.

ಉಳಿದದ್ದು ಲೋಲಕ. ಬಿಸಿಗೆ ಅಷ್ಟಾಗಿ ಹಿಗ್ಗದ ಲೋಹದ ಕಡ್ಡಿ, ತುದಿಯಲ್ಲಿ ಗುಂಡು, ಸುತ್ತಲೂ ಗಾಳಿ ತೆಗೆದ ದಪ್ಪ ಕೊಳವೆ. ಅದರ ಒಂದೊಂದು ತೂಗಾಟವನ್ನೂ ರುಬಿಡಿಯಂ ತಾಳದಲ್ಲಿ ಅಳೆದು ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದೆ. ಇದನ್ನು ತೂಗುಹಾಕಲು ಕಟ್ಟಡದಲ್ಲೇ ಗಟ್ಟಿಯಾದ ಗೋಡೆ ಬೇಕಿತ್ತು. ಲಿಫ್ಟಣ್ಣ ಮನೆಯ ಗೋಡೆಗಳನ್ನೆಲ್ಲ ಬೆರಳಗಂಟಿನಿಂದ ಬಡಿದು ನೋಡಿದರು. ಬೇರೆ ಗೋಡೆಗಳ ದುಪ್ಪಟ್ಟು ದಪ್ಪವಿದ್ದದ್ದು ಒಂದೇ, ಅಕ್ಕನ ಕೋಣೆಯದು.

ಅಕ್ಕ ಸುಲಭಕ್ಕೆ ಒಪ್ಪಲಿಲ್ಲ. ಕೋಣೆಯಲ್ಲಿ ಯಾರೂ ಓಡಾಡಬಾರದು, ಫ್ಯಾನ್ ಹಾಕಬಾರದು, ಬಾಗಿಲು ಮುಚ್ಚಿರಬೇಕು ಎಂದ ಮೇಲೆ ಅವರು ಮಲಗುವುದೆಲ್ಲಿ? "ಹಾಲಲ್ಲಿ ಮಂಚ ಹಾಕಿಕೊಡ್ತೀನಿ," ಎಂದರು ತಮ್ಮ. "ಚಂದ್ರ ಕಂಡ ದಿನ ಕೋಣೆ ನಿಂದು."

"ಕಾಣದಿದ್ದರೆ?"

"ಕಾಣ್ತಾನೆ."

"ಆಸ್ಪತ್ರೇಲಿ ಡಾಕ್ಟರೂ ಹಿಂಗೇ ಅಂತಿದ್ರು," ಎಂದು ಗೊಣಗಿ ಅಕ್ಕ ದಿಂಬು ಎತ್ತಿಕೊಂಡರು.

ಹಾಲ್‌ನಲ್ಲಿ ಹಾಕಿದ ಮಂಚ ಬೀದಿಬದಿಯ ಕಿಟಕಿಗೆ ತಾಗಿತ್ತು. ಹಾಲಿನವನ ಸೈಕಲ್ಲು, ಶಾಲೆಯ ವ್ಯಾನು, ಪಕ್ಕದ ಅಂಗಡಿಯ ಷಟರು, ಎಲ್ಲವೂ ಅವರ ಕಿವಿಯ ಮೇಲೇ ಹಾದುಹೋಗುತ್ತಿದ್ದವು. ಎರಡು ಮಳೆಗಾಲ ಅವರು ಅಲ್ಲಿ ಮಲಗಿದರು.

ಆ ಮನೆಯಲ್ಲಿ ಅಕ್ಕನದೇ ಆದ ಇನ್ನೊಂದು ಆಡಳಿತವಿದೆ. ಕಟ್ಟಡದ ನೀರಿನ ಪಂಪಿನ ಸ್ವಿಚ್ಚು ಅವರ ಅಡುಗೆಮನೆಯ ಹಿಂಬದಿಯಲ್ಲಿದೆ. ಬೆಳಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಅವರು ಪಂಪು ಹಾಕುತ್ತಾರೆ, ತಾರಸಿಯ ಟ್ಯಾಂಕು ತುಂಬಿದೊಡನೆ ಆರಿಸುತ್ತಾರೆ. ರೋಗಿಗೆ ಇಂಜೆಕ್ಷನ್ ಕೊಡುವ ಹೊತ್ತು ಹೇಗೋ ಇದೂ ಹಾಗೆ, ತಡವೆಂಬುದಿಲ್ಲ. ಮೇಲಿನ ಮನೆಗಳವರು ಆ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂಬುದು ಪೂರಾ ತಮಾಷೆಯಲ್ಲ.

ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಕಂಪ್ಯೂಟರಿನ ಪರದೆಯ ಮೇಲೆ ಅಲೆ ಮೂಡಿತು. ಲೋಲಕ ದಿನಕ್ಕೆರಡು ಬಾರಿ ಹಿಂದೆ ಬೀಳುತ್ತಿತ್ತು, ಎರಡು ಬಾರಿ ಸುಧಾರಿಸಿಕೊಳ್ಳುತ್ತಿತ್ತು. ಚಂದ್ರನ ಸೆಳೆತವೂ ದಿನಕ್ಕೆರಡು ಬಾರಿಯೇ. ಲಿಫ್ಟಣ್ಣನಿಗೆ ನೆಲ ಕಾಲಿಗೆ ತಾಗಲಿಲ್ಲ. ಆದರೆ ಚಂದ್ರನಿಗೆ ಇನ್ನೊಂದು ಗುಣವಿದೆ, ಅವನು ದಿನದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗಿ ಬರುತ್ತಾನೆ. ಈ ಅಲೆ ತಡಮಾಡಲಿಲ್ಲ. ವಾರ ಕಳೆದರೂ ಅದೇ ಹೊತ್ತಿಗೆ ಏಳುತ್ತಿತ್ತು, ಅದೇ ಹೊತ್ತಿಗೆ ಇಳಿಯುತ್ತಿತ್ತು.

ಇಷ್ಟು ಕರಾರುವಾಕ್ಕಾಗಿ ದಿನಕ್ಕೆರಡು ಬಾರಿ ನಡೆಯುವುದು ಏನು ಎಂದು ಅವರು ಮೂರು ದಿನ ತಲೆ ಕೆಡಿಸಿಕೊಂಡರು. ಆಮೇಲೆ ಒಂದು ಸಂಜೆ ಅಡುಗೆಮನೆಯ ಹಿಂದೆ ಪಂಪು ಗುಂಯ್ ಎಂದಿತು.

ತಾರಸಿಗೆ ಹತ್ತಿ ನೋಡಿದರು. ಟ್ಯಾಂಕು ಕುಳಿತಿದ್ದದ್ದು ಆ ದಪ್ಪ ಗೋಡೆಯ ನೆತ್ತಿಯ ಮೇಲೆ. ಗೋಡೆಯನ್ನು ಅಷ್ಟು ದಪ್ಪ ಕಟ್ಟಿದ್ದೇ ಟ್ಯಾಂಕಿನ ಭಾರ ಹೊರಲೆಂದು. ಟನ್ನುಗಟ್ಟಲೆ ನೀರು ತುಂಬಿದಾಗ ಗೋಡೆ ಕಣ್ಣಿಗೆ ಕಾಣದಷ್ಟು ವಾಲುತ್ತದೆ, ಖಾಲಿಯಾದಾಗ ನೆಟ್ಟಗಾಗುತ್ತದೆ. ಲೋಲಕಕ್ಕೆ ಅಷ್ಟು ಸಾಕು. ಎತ್ತರದ ಕಟ್ಟಡಗಳಲ್ಲಿ ಯಾವ ತೊಲೆ ಎಷ್ಟು ಹೊರುತ್ತದೆಂದು ಮೊದಲು ಕೇಳಿಯೇ ಕೊಕ್ಕೆ ಹಾಕುತ್ತಿದ್ದವರು ತಮ್ಮ ಮನೆಯ ಗೋಡೆಗೆ ಆ ಪ್ರಶ್ನೆ ಕೇಳಿರಲಿಲ್ಲ.

"ಅಕ್ಕ, ಇನ್ಮೇಲೆ ಒಂದೇ ಹೊತ್ತಿಗೆ ಪಂಪು ಹಾಕಬೇಡ," ಎಂದರು ಕೆಳಗಿಳಿದು ಬಂದು.

"ಯಾಕೆ?"

"ಟ್ಯಾಂಕು ಗೋಡೆನ ಅಲುಗಿಸ್ತಿದೆ. ಹೊತ್ತು ಬದಲಾಯಿಸಿದರೆ ಟ್ಯಾಂಕಿನ ಅಲೆ ಚೆಲ್ಲಾಪಿಲ್ಲಿಯಾಗುತ್ತೆ, ಚಂದ್ರಂದು ಉಳಿಯುತ್ತೆ. ಯಾವಾಗ ಹಾಕ್ದೆ ಅಂತ ನನಗೆ ಮಾತ್ರ ಹೇಳಬೇಡ. ಗೊತ್ತಾದರೆ ನನ್ನ ಕಣ್ಣೇ ನನಗೆ ಮೋಸ ಮಾಡುತ್ತೆ."

"ಯಾವಾಗಂದ್ರೆ ಆವಾಗ ಹಾಕೋದಾ?" ಅಕ್ಕನ ಮುಖ ನೋಡಬೇಕಿತ್ತು. ವಾರ್ಡಿನಲ್ಲಿ ಹೊಸ ಹುಡುಗಿ ಥರ್ಮಾಮೀಟರ್ ಒಡೆದಾಗ ಆ ಮುಖ ಆಗುತ್ತಿತ್ತಂತೆ. ಆದರೂ ಒಪ್ಪಿದರು. ಕೋಣೆಯ ಆಸೆ ಅವರಿಗೂ ಇತ್ತು.

ಒಂದು ವಾರ ಲಿಫ್ಟಣ್ಣ ಪರದೆಯ ಹತ್ತಿರ ಸುಳಿಯಲಿಲ್ಲ. ಬೆಳಗ್ಗೆ ಬೇಗ ಹೋಗಿ ನಡುರಾತ್ರಿ ಬರುತ್ತ ಯಾವುದೋ ಆಫೀಸಿನ ಲಿಫ್ಟಿನ ಹಗ್ಗ ಬದಲಿಸುವ ಕೆಲಸದಲ್ಲಿದ್ದರು. ವಾರ ಮುಗಿದ ಮೇಲೆ ಅಂಕಿಗಳನ್ನೆಲ್ಲ ಸರಾಸರಿ ಮಾಡಿ ಗೆರೆ ಎಳೆಸಿದರು. ಅಲೆ ಇತ್ತು. ದಿನಕ್ಕೆರಡು ಬಾರಿ. ಮತ್ತು ಅದು ದಿನದಿನಕ್ಕೆ ತಡವಾಗುತ್ತ ಹೋಗಿತ್ತು, ಹೆಚ್ಚುಕಡಿಮೆ ಮುಕ್ಕಾಲು ಗಂಟೆಯಂತೆ.

ಪ್ರೆಸ್ಸಿನವರು ಬಂದು ನೋಡಿದರು. ಪಂಚಾಂಗದ ಲೆಕ್ಕ ತೆಗೆದು ಗುಣುಗುಣು ಮಾಡಿದರು. "ಚಂದ್ರ ನೆತ್ತಿಗೆ ಬರೋ ಹೊತ್ತಿಗೂ ನಿಮ್ಮ ಅಲೆಗೂ ಮೂರು ಗಂಟೆ ಫರಕಿದೆಯಲ್ಲ?"

"ಅವನು ಕರೆದ ತಕ್ಷಣ ಮನೆಯೆಲ್ಲ ಓಡಿಬರುತ್ತಾ? ಕಲ್ಲು ಮಣ್ಣು ಏಳಕ್ಕೆ ಹೊತ್ತು ಬೇಡ್ವಾ?"

ಪ್ರೆಸ್ಸಿನವರು ತಲೆಯಾಡಿಸಿದರು. ಪೂರ್ತಿ ಒಪ್ಪಿರಲಿಲ್ಲ. ಆದರೂ ಖುಷಿಯ ಮನೆಯಲ್ಲಿ ಜಗ್ಗಾಡಲು ಅವರಿಗೆ ಮನಸ್ಸಾಗಲಿಲ್ಲ. ಭಾನುವಾರದ ಸಭೆಯಲ್ಲಿ ಲಿಫ್ಟಣ್ಣ ಚಂದ್ರನನ್ನು ತೋರಿಸುತ್ತಾರೆ ಎಂದು ಸಂಘದವರಿಗೆಲ್ಲ ಸುದ್ದಿ ಹೋಯಿತು. ಅಕ್ಕ ಅಂದೇ ಹಾಲ್‌ನ ಹಾಸಿಗೆ ಸುತ್ತಿದರು. ಕಬ್ಬಿಣದ ಟ್ರಂಕು ಎಳೆದು ತಂದು ಕೋಣೆಯ ಬಾಗಿಲಲ್ಲಿಟ್ಟರು, ಕಿಟಕಿಯ ಪರದೆ ಒಗೆದು ಹಾಕಿದರು. ಸೋಮವಾರ ಲೋಲಕ ಬಿಚ್ಚುವುದೆಂದು ತೀರ್ಮಾನವಾಯಿತು.

ಗುರುವಾರ ಬೆಳಗ್ಗೆ ಮೆಟ್ಟಿಲ ಬಳಿ ಎರಡನೆಯ ಮಹಡಿಯ ಟೈಲರಮ್ಮ ಲಿಫ್ಟಣ್ಣನನ್ನು ಅಡ್ಡಗಟ್ಟಿದರು. ಸೊಂಟದ ಮೇಲೆ ಖಾಲಿ ಬಿಂದಿಗೆ.

"ಅಣ್ಣಾ, ಸಿಸ್ಟರಮ್ಮಂಗೆ ಏನಾದ್ರೂ ಹುಷಾರಿಲ್ವಾ?"

"ಚೆನ್ನಾಗಿದ್ದಾಳಲ್ಲ."

"ಮತ್ತೆ ಇದೇನು ಪಂಪಿನ ಆಟ? ಮೊನ್ನೆ ಬೆಳಗ್ಗೆ ಹತ್ತೂಕಾಲಿಗೆ, ನಿನ್ನೆ ಹನ್ನೊಂದಕ್ಕೆ. ಇವತ್ತು ಹನ್ನೊಂದೂ ಮುಕ್ಕಾಲಿಗೆ ಅಂತೆ, ಯಾಕೆ ಅಂತ ಕೇಳಿದರೆ ಕೈ ತೋರಿಸಿ ಸುಮ್ನೆ ಇರು ಅಂತಾರೆ. ದಿನಾ ಮುಕ್ಕಾಲು ಗಂಟೆ ಮುಂದೆ ಮುಂದೆ! ನಾನು ಸ್ನಾನ ಮಾಡಿ ಬಟ್ಟೆ ಹೊಲಿಯಲೋ, ಬಟ್ಟೆ ಹೊಲಿದು ಸ್ನಾನ ಮಾಡಲೋ?"

ಲಿಫ್ಟಣ್ಣ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಅಡುಗೆಮನೆಯಲ್ಲಿ ಅಕ್ಕ ತರಕಾರಿ ಹೆಚ್ಚುತ್ತಿದ್ದರು. ತಮ್ಮ ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದರು. "ಚೆಲ್ಲಾಪಿಲ್ಲಿ ಅಂದೆಯಲ್ಲ, ನನಗೆ ಅದು ಬರಲ್ಲ ಕಣೋ. ಮೊದಲನೆ ದಿನ ಪಂಪಿನ ಮುಂದೆ ನಿಂತು ನಿಂತು ಸಾಕಾಯ್ತು, ಯಾವ ಹೊತ್ತಿಗೆ ಹಾಕಿದರೂ ತಪ್ಪು ಅನ್ನಿಸ್ತು. ಕೊನೆಗೆ ವಾರ್ಡಿನ ಡ್ಯೂಟಿ ಥರ ಮಾಡಿದೆ. ದಿನಾ ಸ್ವಲ್ಪ ಸರಿಸ್ತಾ ಹೋದರೆ ಯಾರಿಗೂ ಅನ್ಯಾಯ ಆಗಲ್ಲ, ಒಬ್ಬೊಬ್ಬರಿಗೆ ಒಂದೊಂದು ದಿನ ಅನುಕೂಲ."

"ಮುಕ್ಕಾಲು ಗಂಟೆನೇ ಯಾಕೆ?"

"ಅರ್ಧ ಗಂಟೆ ಕಡಿಮೆ ಆಯ್ತು, ಒಂದು ಗಂಟೆ ಜಾಸ್ತಿ ಆಯ್ತು." ಚಾಕು ನಿಂತಿತು. "ಯಾಕೋ ಹಂಗೆ ನೋಡ್ತೀಯ?"

ತಮ್ಮ ಹೇಳಿದರು. ಪರದೆಯ ಮೇಲೆ ಬಂದದ್ದು ಚಂದ್ರನಲ್ಲ, ಪಂಪು. ಅಕ್ಕ ನ್ಯಾಯವಾಗಿ ಹಂಚಿದ ತಡ, ಆಕಾಶದ ತಡದ ಹಾಗೇ ಕಂಡಿತ್ತು. ಸರಾಸರಿ ಮಾಡುವ ಭರದಲ್ಲಿ ತಾವೇ ಟ್ಯಾಂಕಿನ ಏರಿಳಿತದ ಚೂಪನ್ನೆಲ್ಲ ಉಜ್ಜಿ ನುಣುಪು ಮಾಡಿದ್ದರು. ಮೂರು ಗಂಟೆಯ ಫರಕನ್ನು ಕಲ್ಲು ಮಣ್ಣಿನ ತಲೆಗೆ ಕಟ್ಟಿದ್ದೂ ತಾವೇ.

ಅಕ್ಕ ಹೆಚ್ಚಿದ ತರಕಾರಿಯನ್ನು ಪಕ್ಕಕ್ಕಿಟ್ಟರು. ಆಮೇಲೆ ಎದ್ದು ಹೋಗಿ ಕೋಣೆಯ ಬಾಗಿಲಲ್ಲಿದ್ದ ಟ್ರಂಕನ್ನು ಹಾಲ್‌ನ ಕಡೆಗೆ ಎಳೆಯತೊಡಗಿದರು.

"ಏನು ಮಾಡ್ತಿದ್ದೀಯ?"

"ಚಂದ್ರ ಕಂಡ ದಿನ ಕೋಣೆ ಅಂತ ಮಾತು. ಕಂಡಿಲ್ಲ."

"ಬಿಡು ಅಕ್ಕ ಅದನ್ನ."

"ನೀನು ಬಿಡು ಕೈ. ನನ್ನಿಂದ ಕೆಟ್ಟಿದ್ದು, ನಾನೇ ಸರಿ ಮಾಡ್ತೀನಿ. ಚೀಟಿ ಎತ್ತಿ ಹೊತ್ತು ನೋಡ್ಕೊಂಡು ಹಾಕ್ತೀನಿ. ಇನ್ನೊಂದು ಮಳೆಗಾಲ ತಾನೇ."

ಟ್ರಂಕಿನ ಒಂದು ಹಿಡಿಕೆ ಅಕ್ಕನ ಕೈಯಲ್ಲಿ, ಇನ್ನೊಂದು ತಮ್ಮನ ಕೈಯಲ್ಲಿ. ಮೊಣಕಾಲು ಹಿಡಿದುಕೊಂಡು ಬಾಗಿದ್ದ ಅಕ್ಕನನ್ನು ನೋಡುತ್ತ ಲಿಫ್ಟಣ್ಣನಿಗೆ ಲೆಕ್ಕ ಸ್ಪಷ್ಟವಾಯಿತು. ಚೀಟಿ ಎತ್ತಿದರೂ ಉಪಯೋಗವಿಲ್ಲ. ಪಂಪು ಹಾಕುವುದು ಅಕ್ಕ, ಸರಿ, ಆದರೆ ಟ್ಯಾಂಕು ಖಾಲಿ ಮಾಡುವುದು ಇಡೀ ಕಟ್ಟಡ. ಜನ ಏಳುವುದು, ಮೀಯುವುದು, ಬಟ್ಟೆ ಒಗೆಯುವುದು, ಎಲ್ಲ ಆ ಗೋಡೆಯ ಮೇಲಿಂದಲೇ ಇಳಿಯುತ್ತಿತ್ತು. ರುಬಿಡಿಯಂ ಎಷ್ಟೇ ಸರಿಯಿದ್ದರೂ ಅದು ಆ ಗೋಡೆಯಲ್ಲಿ ಓದಬಲ್ಲದ್ದು ಈ ಮನೆಗಳ ದಿನಚರಿಯನ್ನು ಮಾತ್ರ.

"ಆ ಗೋಡೇಲಿ ಚಂದ್ರ ಯಾವತ್ತೂ ಕಾಣಲ್ಲ ಅಕ್ಕ," ಎಂದರು. "ಹತ್ತು ವರ್ಷ ನೀನು ಹಾಲಲ್ಲಿ ಮಲಗಿದರೂ ಕಾಣಲ್ಲ. ತಪ್ಪು ಗೋಡೆ ಹಿಡಿದೆ ನಾನು. ಟ್ರಂಕು ಬಿಡು, ಒಳಗೆ ಇಡೋಣ."

ಲೋಲಕವನ್ನು ಸೋಮವಾರದವರೆಗೆ ಕಾಯಿಸಲಿಲ್ಲ. ಅದೇ ಮಧ್ಯಾಹ್ನ ಕೊಳವೆಗೆ ಗಾಳಿ ಬಿಟ್ಟು, ಕಡ್ಡಿಯನ್ನು ಬಟ್ಟೆ ಸುತ್ತಿ ಇಳಿಸಿ, ಬೋಲ್ಟುಗಳ ತೂತಿಗೆ ಸಿಮೆಂಟು ಮೆತ್ತಿದರು. ಸಂಜೆ ಆರಕ್ಕೆ ಪಂಪು ಹಾಕಿ ಬಂದ ಅಕ್ಕ ಕೋಣೆಯಲ್ಲಿ ಫ್ಯಾನ್ ತಿರುಗಿಸಿ ಮಂಚದ ಮೇಲೆ ಕೂತರು.

ಸಭೆಯನ್ನು ರದ್ದು ಮಾಡಬಹುದಿತ್ತು, ಪ್ರೆಸ್ಸಿನವರು ಹಾಗೇ ಸೂಚಿಸಿದರು ಕೂಡ. ಲಿಫ್ಟಣ್ಣ ಒಪ್ಪಲಿಲ್ಲ. ಭಾನುವಾರ ಎರಡು ಗೆರೆಗಳನ್ನೂ ಗೋಡೆಯ ಮೇಲೆ ತೋರಿಸಿದರು. ಚಂದ್ರನಂತೆ ಕಾಣುವ ನುಣುಪಾದ ಗೆರೆ ಮೊದಲು, ಉಜ್ಜದೆ ಬಿಟ್ಟ ಗೆರೆ ಆಮೇಲೆ. ಎರಡನೆಯದರಲ್ಲಿ ಪಂಪು ಹಾಕಿದ ಕಡೆಯೆಲ್ಲ ಗರಗಸದ ಹಲ್ಲಿನಂತೆ ನೆಟ್ಟಗೆ ಏರಿತ್ತು. ಜನ ನಕ್ಕರು, ಲಿಫ್ಟಣ್ಣನೂ ನಕ್ಕರು. ಆಮೇಲೆ ಒಬ್ಬೊಬ್ಬರೂ ತಮ್ಮ ಮನೆಯ ಯಂತ್ರಗಳ ಬಗ್ಗೆ ಸಂಶಯದ ಪ್ರಶ್ನೆಗಳನ್ನು ಕೇಳತೊಡಗಿದರು. ಸಭೆ ಮುಗಿಯುವಾಗ ದೀಪ ಆರಿಸುವವನು ಬಂದು ನಿಂತಿದ್ದ. ಹೊರಗೆ ಪ್ರೆಸ್ಸಿನವರು ತಮ್ಮ ಕಾಗದದ ಗೋದಾಮಿನ ಹಿಂಗೋಡೆಯೊಂದು ಖಾಲಿಯಿದೆ, ಬೇಕಾದರೆ ಬಂದು ನೋಡಿ ಎಂದರು.

ನೋಡಲು ಹೋದಾಗ ಜೊತೆಗೆ ಅಕ್ಕನೂ ಹೊರಟರು. ನೀನ್ಯಾಕೆ ಎಂದು ತಮ್ಮ ಕೇಳಿದ್ದಕ್ಕೆ, "ನೀನು ಬರೀ ಬಡಿದು ನೋಡ್ತೀಯ" ಎಂದರು.

ಗೋದಾಮು ತಣ್ಣಗಿತ್ತು, ಹೊಸ ಕಾಗದದ ವಾಸನೆ. ಲಿಫ್ಟಣ್ಣ ಗೋಡೆಗೆ ಅಂಗೈ ಇಟ್ಟು, "ಇದರ ಮೇಲೆ ಏನಿದೆ?" ಎಂದರು.

"ತಗಡು ಬಿಟ್ಟರೆ ಏನೂ ಇಲ್ಲ."

"ಪಕ್ಕದಲ್ಲಿ?" ಇದು ಅಕ್ಕ.

"ಪ್ರೆಸ್ಸು. ಈ ಗೋಡೆಗೆ ತಾಗಿಲ್ಲ, ನಡುವೆ ಓಣಿ ಇದೆ."

"ಎಷ್ಟು ಹೊತ್ತಿಗೆ ಶುರು ಮಾಡ್ತೀರಿ?"

"ಬೆಳಗ್ಗೆ ಒಂಬತ್ತು."

"ದಿನಾ ಒಂಬತ್ತೇನಾ?"

"ಕೆಲಸ ಇದ್ದಷ್ಟು ದಿನ ಒಂಬತ್ತು. ಇಲ್ಲದಿದ್ದರೆ ಹತ್ತು, ಹನ್ನೊಂದು..." ಪ್ರೆಸ್ಸಿನವರು ತಡವರಿಸಿದರು. ಹಾಸಿಗೆಯ ಮೇಲಿನ ರೋಗಿಯನ್ನು ನೋಡುವಂತೆ ಅಕ್ಕ ಅವರನ್ನೇ ನೋಡುತ್ತಿದ್ದರು.

"ಕಾಗದದ ಲಾರಿ?"

"ಅದು ಬಂದಾಗ ಬರುತ್ತೆ, ಸಿಸ್ಟರಮ್ಮಾ."

"ಬಂದಾಗ ಬರುತ್ತೆ ಅಂದ್ರೆ ಹೇಗೆ? ಯಾವ ವಾರ, ಎಷ್ಟು ಭಾರ, ಯಾವ ಕಡೆ ಇಳಿಸ್ತಾರೆ?" ಅವರು ಕಾಗದದ ಕಟ್ಟೊಂದನ್ನು ಎಳೆದುಕೊಂಡು ಅದರ ಮೇಲೆ ಕೂತರು. "ನೀವೂ ಕೂತ್ಕೊಳ್ಳಿ. ಹೊತ್ತಾಗುತ್ತೆ."